ಡಯಾನಾ 27: ಐವತ್ತು ವರ್ಷದ ಹಳೇ ಏರ್‌ಗನ್, ಎರಡು ವರ್ಷ ಬಳಸಿದ ಮೇಲೆ

ನನ್ನ ಏರ್‌ಗನ್ನಿನ ಎಡಬದಿಯಲ್ಲಿ, ಕಬ್ಬಿಣದ ಕೊಳವೆ ಮುಗಿಯುವ ಹತ್ತಿರ, ಸಣ್ಣಕ್ಕೆ 06 72 ಅಂತ ಅಚ್ಚು ಒತ್ತಿದ್ದಾರೆ. 1972ರ ಜೂನ್ ಅಂತ ಅರ್ಥ. ಜರ್ಮನಿಯ ರಾಸ್ಟಾಟ್ ಅನ್ನುವ ಊರಲ್ಲಿ ಇದು ತಯಾರಾದಾಗ ನಾನಿನ್ನೂ ಹುಟ್ಟಿರಲಿಲ್ಲ. ಡಯಾನಾ ಮಾಡೆಲ್ 27, ಬಾಯಿ 4.5 ಮಿ.ಮೀ. ಕೊಂಡು ಎರಡು ವರ್ಷವಾಯಿತು. ಐನೂರು ಗುಂಡಿನ ಡಬ್ಬಿಗಳನ್ನು ಲೆಕ್ಕ ಹಾಕಿದರೆ ಹತ್ತಿರ ಹತ್ತು ಸಾವಿರ ಗುಂಡು ಹೊಡೆದಿದ್ದೇನೆ. ಈಗ ಇದರ ಬಗ್ಗೆ ಧೈರ್ಯವಾಗಿ ಬರೆಯಬಹುದು ಅನ್ನಿಸುತ್ತಿದೆ.

ನಾನು ಸಿದ್ದಾಪುರ ತಾಲ್ಲೂಕಿನವಳು. ಹನ್ನೊಂದು ವರ್ಷದಿಂದ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇನೆ. ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡುವುದು ನನ್ನ ಕೆಲಸ. ಗುರುವಾರ ಸಂಜೆ ನಮ್ಮೂರಿನ ಶೂಟಿಂಗ್ ಕ್ಲಬ್ಬಿಗೆ ಹೋಗುತ್ತೇನೆ. ಇಲ್ಲಿ ಸಣ್ಣ ಸಣ್ಣ ಊರಲ್ಲೂ ಇಂಥ ಕ್ಲಬ್ ಇರುತ್ತದೆ, ನಮ್ಮ ಕಡೆ ಯಕ್ಷಗಾನದ ಸಂಘ ಇರುವ ಹಾಗೆ.

ಆದರೆ ಏರ್‌ಗನ್ ಹುಚ್ಚು ಹಿಡಿದದ್ದು ಇಲ್ಲಲ್ಲ, ಶಿರಸಿಯಲ್ಲಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡ್ಕಿಬೈಲಿನಲ್ಲಿ ದೇವಿಗೆ ಕೈಮುಗಿದು ಈಚೆ ಬಂದರೆ ಬಲೂನು ಹೊಡೆಯುವ ಅಂಗಡಿಗಳ ಸಾಲು. ಹಲಗೆಗೆ ಬಣ್ಣಬಣ್ಣದ ಬಲೂನು ಸಿಕ್ಕಿಸಿರುತ್ತಿದ್ದರು. ನಾನಾಗ ಐದನೇ ಕ್ಲಾಸು. ಬ್ಯಾರೆಲ್ಲನ್ನು, ಅಂದರೆ ಗುಂಡು ಹೊರಡುವ ಕೊಳವೆಯನ್ನು, ಕೀಲಿನಲ್ಲಿ ಕೆಳಕ್ಕೆ ಬಗ್ಗಿಸಿ ಸ್ಪ್ರಿಂಗ್ ಎಳೆಯುವ ಶಕ್ತಿ ನನಗಿರಲಿಲ್ಲ. ಅಂಗಡಿಯವನೇ ತೊಡೆಗೆ ಒತ್ತಿಕೊಂಡು ಒಂದೇ ಸಲಕ್ಕೆ ಬಗ್ಗಿಸಿ, ಸೀಸದ ಗುಂಡು ಹಾಕಿ, ಟಕ್ ಅಂತ ಮುಚ್ಚಿ ಕೊಡುತ್ತಿದ್ದ. ಅವನ ಕೈ ಬೀಳುತ್ತಿದ್ದ ಜಾಗದಲ್ಲಿ ಬ್ಯಾರೆಲ್ಲಿನ ಕಪ್ಪು ಪೂರ್ತಿ ಹೋಗಿ, ಒಂದು ಗೇಣಿನಷ್ಟು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಐದು ಗುಂಡಿಗೆ ಒಂದು ಬಲೂನೂ ಒಡೆಯಲಿಲ್ಲ. ಅಪ್ಪಯ್ಯ, "ಸೈಟು ಬಗ್ಗಿಸಿ ಇಟ್ಟಿದ್ದ" ಅಂತ ಸಮಾಧಾನ ಮಾಡಿದ. ಸೈಟು ಅಂದರೆ ಬ್ಯಾರೆಲ್ ಮೇಲೆ ಗುರಿ ನೋಡುವ ಗುರುತು. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ.

ಎರಡು ವರ್ಷದ ಹಿಂದೆ ಇಲ್ಲಿನ ಒಂದು ಹಳೇ ಬಂದೂಕಿನಂಗಡಿಯಲ್ಲಿ, ಮೂಲೆಯ ಸ್ಟ್ಯಾಂಡಿನಲ್ಲಿ ನಿಂತಿದ್ದ ಕೋವಿಯೊಂದರ ಮೇಲೆ ಅದೇ ಗೇಣುದ್ದದ ಬಿಳಿ ಕಂಡಿತು. ಕಾಲು ಅಲ್ಲೇ ನಿಂತುಬಿಟ್ಟಿತು. ಬೆಲೆ 90 ಯೂರೋ. ಪಕ್ಕದಲ್ಲೇ ಹೊಸ ಏರ್‌ಗನ್ನುಗಳು ಮೂರು-ನಾಲ್ಕು ಪಟ್ಟು ಬೆಲೆಯಲ್ಲಿದ್ದವು. ವಯಸ್ಸಿಗೆ ಗುರುತಿನ ಚೀಟಿ ತೋರಿಸಿದೆ, ದುಡ್ಡು ಕೊಟ್ಟೆ, ಬೀಗ ಹಾಕಿದ ಚೀಲದಲ್ಲಿ ಮನೆಗೆ ತಂದೆ.

ತರುವ ಮುಂಚೆ ಅರ್ಧ ಗಂಟೆ ನೋಡಿದ್ದೆ. ಹಳೇ ಸ್ಪ್ರಿಂಗ್ ಗನ್ ಕೊಳ್ಳುವವರು ಇಷ್ಟನ್ನಾದರೂ ನೋಡಲೇಬೇಕು. ಕಪ್ಪು ಬಣ್ಣ ಹೋಗಿದ್ದರೆ ಚಿಂತೆ ಬೇಡ, ಅದು ಕೈ ತಾಗಿ ಸವೆದದ್ದು. ತುಕ್ಕು ಒಳಗೆ ತಿಂದು ಗುಳಿ ಬಿದ್ದಿದ್ದರೆ ಮಾತ್ರ ಬಿಡಿ. ಆಮೇಲೆ ಸ್ಕ್ರೂ ತಲೆ ನೋಡಿ. ಸ್ಕ್ರೂಡ್ರೈವರ್ ಜಾರಿ ತಲೆಯ ಸೀಳು ಹರಿದುಹೋಗಿದ್ದರೆ ಯಾರೋ ಗೊತ್ತಿಲ್ಲದೆ ಬಿಚ್ಚಿದ್ದಾರೆ ಅಂತಲೇ ಲೆಕ್ಕ. ನನ್ನದರ ಸ್ಕ್ರೂಗಳು ಕಾರ್ಖಾನೆಯಿಂದ ಬಂದ ಹಾಗೇ ಇದ್ದವು. ಬ್ಯಾರೆಲ್ ಮುಚ್ಚಿ, ಎರಡು ಕೈಯಲ್ಲಿ ಹಿಡಿದು ಅತ್ತಿತ್ತ ಅಲುಗಿಸಿ ನೋಡಿ. ಅಲುಗಬಾರದು. ಅಲುಗಿದರೂ ಡಯಾನಾದಲ್ಲಿ ಪರಿಹಾರವಿದೆ, ಬ್ಯಾರೆಲ್ ಬಗ್ಗುವ ಕೀಲಿನಲ್ಲಿ ಪಿನ್ನಿನ ಬದಲು ಬೋಲ್ಟ್ ಇದೆ, ಬಿಗಿ ಮಾಡಬಹುದು. ಕೊನೆಗೆ ಬ್ಯಾರೆಲ್ ಬಗ್ಗಿಸುವಾಗ ಕಿವಿಗೊಡಿ. ಗರಗರ ಅಂದರೆ ಸ್ಪ್ರಿಂಗ್ ಸೊಟ್ಟಗಾಗಿರುತ್ತದೆ, ಇಲ್ಲಾ ತುಂಡಾಗಿರುತ್ತದೆ. ನನ್ನದು ಸ್ವಲ್ಪ ಗರಗರ ಅಂತಿತ್ತು. ಅದು ಗೊತ್ತಿದ್ದೇ ಕೊಂಡೆ.

ಇದರ ಕೆಲಸ ಹೇಗೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಬ್ಯಾರೆಲ್ ಬಗ್ಗಿಸಿದಾಗ ಒಳಗಿನ ಪಿಸ್ಟನ್ ಹಿಂದೆ ಸರಿದು ದಪ್ಪ ಸ್ಪ್ರಿಂಗನ್ನು ಒತ್ತುತ್ತದೆ, ಕೊನೆಗೆ ಒಂದು ಕಡೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದೆ ಹಾರುತ್ತದೆ, ಮುಂದಿರುವ ಗಾಳಿಯನ್ನು ಒತ್ತಿ ಸಣ್ಣ ತೂತಿನಿಂದ ನುಗ್ಗಿಸುತ್ತದೆ. ಆ ಗಾಳಿ ಗುಂಡನ್ನು ತಳ್ಳುತ್ತದೆ. ಗ್ಯಾಸ್ ಸಿಲಿಂಡರ್ ಬೇಡ, ಪಂಪು ಬೇಡ, ಬ್ಯಾಟರಿ ಬೇಡ. ಪ್ರತಿ ಗುಂಡಿಗೂ ನಿಮ್ಮ ತೋಳಿನ ಒಂದು ಎಳೆತ, ಅಷ್ಟೇ.

ಮೊದಲ ಗುರುವಾರ ಕ್ಲಬ್ಬಿನಲ್ಲಿ ಹೊಡೆದಾಗ ಹೊಗೆ ಬಂತು! ಸುಟ್ಟ ಎಣ್ಣೆಯ ವಾಸನೆ. ಮಾರುವವರು ಚೆನ್ನಾಗಿ ಕಾಣಲಿ ಅಂತ ಮೇಲಿಂದ ಒಳಗಿನವರೆಗೆ ಎಣ್ಣೆ ಸುರಿದುಬಿಟ್ಟಿದ್ದರು. ಹೀಗೆ ಎಣ್ಣೆ ಜಾಸ್ತಿಯಾದರೆ, ಗಾಳಿ ಒತ್ತಿದ ಬಿಸಿಗೆ ಡೀಸೆಲ್ ಎಂಜಿನ್ನಿನಲ್ಲಿ ಹತ್ತಿಕೊಂಡ ಹಾಗೆ ಹತ್ತಿಕೊಳ್ಳುತ್ತದೆ. ಇಪ್ಪತ್ತು-ಮೂವತ್ತು ಗುಂಡು ಹೊಡೆದ ಮೇಲೆ ಹೊಗೆ ನಿಂತಿತು. ಆಗ ಇದರ ನಿಜವಾದ ಸ್ಥಿತಿ ಗೊತ್ತಾಯಿತು. ವೇಗ ಅಳೆಯುವ ಯಂತ್ರದ ಮುಂದೆ ಹೊಡೆದರೆ ಒಂದು ಗುಂಡು ಸೆಕೆಂಡಿಗೆ 118 ಮೀಟರ್, ಇನ್ನೊಂದು 141. ಹೀಗೆ ಏರಿಳಿದರೆ ಗುಂಡು ಒಂದೇ ಜಾಗಕ್ಕೆ ಬೀಳುವುದು ಹೇಗೆ?

ನಮ್ಮ ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ, ಲೈಸನ್ಸ್ ಇರುವ ಮಿಸ್ತ್ರಿ. ಅವರ ವರ್ಕ್‌ಶಾಪಿನಲ್ಲಿ ಪಕ್ಕದಲ್ಲೇ ನಿಂತು ನೋಡಿದೆ. ಮರದ ಭಾಗ ಬೇರೆಯಾಯಿತು, ಟ್ರಿಗರ್ ಜೋಡಣೆ ಹೊರಬಂತು, ಸ್ಪ್ರಿಂಗ್ ಬಂತು. ಮೇಜಿನ ಮೇಲೆ ಉರುಳಿಸಿದರೆ ಕುಂಟುತ್ತಾ ಉರುಳಿತು, ಅಷ್ಟು ಸೊಟ್ಟಗಾಗಿತ್ತು. ಕೊನೆಗೆ ಪಿಸ್ಟನ್. ಅದರ ಮುಖದ ಮೇಲೆ ಒಂದು ಚರ್ಮದ ಬಟ್ಟಲು, ಒಣಗಿ ಕರ್ರಗಾಗಿ ಅಂಚು ಮುರುಟಿಕೊಂಡಿತ್ತು.

ಅದನ್ನು ನೋಡಿದ್ದೇ ನನಗೆ ನಮ್ಮನೆಯ ಕೊಟ್ಟಿಗೆ ನೆನಪಾಯಿತು. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಪಂಪಿನ ಒಳಗೆ ಇಂಥದೇ ಚರ್ಮದ ವಾಷರ್ ಇರುತ್ತದೆ. ಮಳೆಗಾಲ ಹತ್ತಿರ ಬಂದಾಗ ಅಪ್ಪಯ್ಯ ಅದನ್ನು ಬಿಚ್ಚಿ, ಎಣ್ಣೆಯಲ್ಲಿ ನೆನೆಸಿ, ಹೆಬ್ಬೆರಳಲ್ಲಿ ಅಂಚನ್ನು ಸುತ್ತಲೂ ಅರಳಿಸುತ್ತಿದ್ದ. ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಇದು ನಮ್ಮನೆ ಪಂಪಿನ ವಾಷರ್ರೇ ಅಲ್ದನೇ ತಂಗಿ?" ಅಂದ. "ಎಣ್ಣೆಲಿ ಒಂದು ರಾತ್ರಿ ಇಡವು. ಗಡಿಬಿಡಿ ಮಾಡಡ." ಮಿಸ್ತ್ರಿಗೆ ಇದನ್ನು ಜರ್ಮನ್‌ನಲ್ಲಿ ಹೇಳಿದೆ. ಅವರು ತಲೆಯಾಡಿಸಿ, ಕಪಾಟಿನಿಂದ ಹೊಸ ಚರ್ಮದ ಬಟ್ಟಲು ತೆಗೆದು ಎಣ್ಣೆಯ ಡಬ್ಬಿಯೊಳಗೆ ಹಾಕಿದರು. "ನಿಮ್ಮ ತಂದೆಯವರು ಸರಿಯಾಗಿ ಹೇಳಿದರು, ನಾಳೆ ಬನ್ನಿ" ಅಂದರು.

ನನ್ನ ಮಟ್ಟಿಗೆ ಈ ಕೋವಿಯ ದೊಡ್ಡ ಗುಣ ಇದೇ. ಒಳಗಿರುವುದೆಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಹಾಳಾದರೆ ಅದೊಂದನ್ನೇ ಬದಲಿಸಬಹುದು. ಐವತ್ತು ವರ್ಷದಲ್ಲಿ ಸೋತದ್ದು ಒಂದು ಸ್ಪ್ರಿಂಗ್ ಮತ್ತು ಅಂಗೈಗಿಂತ ಸಣ್ಣ ಒಂದು ಚರ್ಮ. ಉಕ್ಕಿಗೆ ಏನೂ ಆಗಿಲ್ಲ. ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಕನ್ನಡಿಯ ಹಾಗಿತ್ತು. ನಾನು ದಿನವೂ ಹೊಸ ಲೋಹದ ಮೈಯನ್ನು ಅಳೆಯುವವಳು. ಕಾರ್ಖಾನೆಯಿಂದ ಬಂದ ಮೈಗೆ ಸಾಮಾನ್ಯವಾಗಿ ಈ ನುಣುಪು ಇರುವುದಿಲ್ಲ. ಇದು ಪಿಸ್ಟನ್ ಸಾವಿರಾರು ಸಲ ಹಿಂದೆ ಮುಂದೆ ಓಡಾಡಿ ಬಂದದ್ದು. ಯಾರು ಯಾರೋ ಐವತ್ತು ವರ್ಷ ಬಳಸಿ ನನಗೋಸ್ಕರ ಹದ ಮಾಡಿಟ್ಟಿದ್ದಾರೆ.

ಟ್ರಿಗರ್ ವಿಷಯದಲ್ಲೂ ಅಷ್ಟೇ. ಪಿಸ್ಟನ್ನಿನ ಹಿಂದಿನ ಕಡ್ಡಿಯನ್ನು ಮೂರು ಉಕ್ಕಿನ ಗೋಲಿಗಳು ಸುತ್ತಲಿಂದ ಹಿಡಿದುಕೊಂಡಿರುತ್ತವೆ. ಟ್ರಿಗರ್ ಎಳೆದಾಗ ಗೋಲಿಗಳಿಗೆ ಪಕ್ಕಕ್ಕೆ ಸರಿಯಲು ಜಾಗ ಸಿಗುತ್ತದೆ, ಕಡ್ಡಿ ಬಿಡುಗಡೆಯಾಗುತ್ತದೆ. ಬೆರಳಿಗೆ ಹೇಗೆ ಗೊತ್ತಾಗುತ್ತದೆ ಅಂದರೆ, ಮೊದಲು ಹಗುರವಾಗಿ ಸ್ವಲ್ಪ ದೂರ ಬರುತ್ತದೆ, ಆಮೇಲೆ ಒಂದು ಗೋಡೆ ಸಿಕ್ಕ ಹಾಗೆ ನಿಲ್ಲುತ್ತದೆ. ಅಲ್ಲಿಂದ ಇನ್ನು ಚೂರು ಒತ್ತಿದರೆ ಸಾಕು, ಗಾಜಿನ ಕಡ್ಡಿ ಮುರಿದ ಹಾಗೆ ಥಟ್ಟನೆ ಬಿಡುತ್ತದೆ. ಕಡಿಮೆ ಬೆಲೆಯ ಹೊಸ ಗನ್ನುಗಳಲ್ಲಿ ನಾನು ಎಳೆದು ನೋಡಿದ ಟ್ರಿಗರುಗಳು ಮರಳಿನಲ್ಲಿ ಎಳೆದ ಹಾಗಿದ್ದವು. ಈ ಬೆಲೆಗೆ ಇಂಥ ಟ್ರಿಗರ್ ಹೊಸದರಲ್ಲಿ ಸಿಗುವುದಿಲ್ಲ.

ಸ್ಪ್ರಿಂಗ್ ಕಥೆ ಮಾತ್ರ ಬೇಜಾರಿನದು. ಬಿಡಿಭಾಗ ಮಾರುವ ಒಂದು ಅಂಗಡಿಯಿಂದ ತರಿಸಿದೆ. ಮಾಡೆಲ್, ವರ್ಷ, ಗಾತ್ರ ಎಲ್ಲ ಬರೆದು ಕೊಟ್ಟಿದ್ದೆ. ಬಂದದ್ದು ಹಳೆಯದಕ್ಕಿಂತ ಎರಡು ಸೆಂಟಿಮೀಟರ್ ಉದ್ದ, ತಂತಿಯೂ ದಪ್ಪ. ಮಿಸ್ತ್ರಿ ಅಳೆದು ನೋಡಿ, "ಇದನ್ನು ಹಾಕಿದರೆ ಏಳೂವರೆ ದಾಟುತ್ತದೆ, ನಾನು ಹಾಕುವುದಿಲ್ಲ" ಅಂದರು. ಏಳೂವರೆ ಅಂದರೆ ಏಳೂವರೆ ಜೂಲ್. ಜರ್ಮನಿಯಲ್ಲಿ ಐದು ಮೂಲೆಯ ಚೌಕಟ್ಟಿನೊಳಗೆ F ಅಕ್ಷರವಿರುವ ಏರ್‌ಗನ್ನನ್ನು 18 ವರ್ಷ ಆದವರು ಲೈಸನ್ಸ್ ಇಲ್ಲದೆ ಕೊಳ್ಳಬಹುದು. ಅದರ ಶಕ್ತಿ 7.5 ಜೂಲ್ ಮೀರಬಾರದು. 1970ರಿಂದ ಈ ಗುರುತು ಬಂದಿದೆ. ನನ್ನದರ ಮೇಲೂ ಇದೆ. ಆ ಉದ್ದದ ಸ್ಪ್ರಿಂಗನ್ನು ಗೊತ್ತಿಲ್ಲದೆ ಹಾಕಿಸಿದ್ದರೆ ಮನೆಯಲ್ಲಿ ಕಾನೂನು ಮೀರಿದ ಬಂದೂಕು ಇಟ್ಟುಕೊಂಡ ಹಾಗಾಗುತ್ತಿತ್ತು. ಅಂಗಡಿಯವರು ತಪ್ಪು ಒಪ್ಪಿಕೊಳ್ಳಲೇ ಇಲ್ಲ. ದುಡ್ಡು ವಾಪಸ್ ಬರಲು ಐದು ವಾರ ಹಿಡಿಯಿತು. ಕೊನೆಗೆ ಮಿಸ್ತ್ರಿಯೇ ಸರಿಯಾದದ್ದನ್ನು ಹುಡುಕಿಕೊಟ್ಟರು.

ಈಗ ವೇಗ ಅಳೆಯುವ ಅದೇ ಯಂತ್ರದ ಮುಂದೆ ಹೊಡೆದರೆ ಸೆಕೆಂಡಿಗೆ 163ರಿಂದ 166 ಮೀಟರಿನ ಒಳಗೇ. 0.53 ಗ್ರಾಮಿನ ಗುಂಡಿಗೆ ಇದು ಏಳು ಜೂಲ್ ಚಿಲ್ಲರೆ. ಮಿತಿಯ ಒಳಗೇ ಇದೆ. ಹೊಸದನ್ನು ಕೊಂಡರೂ ಇಲ್ಲಿ ಲೈಸನ್ಸ್ ಇಲ್ಲದೆ ಇದಕ್ಕಿಂತ ಹೆಚ್ಚೇನೂ ಶಕ್ತಿ ಸಿಗುವುದಿಲ್ಲ, ಅಲ್ವಾ? ಹಾಗಾಗಿ ಶಕ್ತಿಯ ಲೆಕ್ಕದಲ್ಲಿ ಹಳೆಯದಕ್ಕೆ ಸೋಲಿಲ್ಲ.

ಹೊಡೆಯುವ ಅನುಭವಕ್ಕೆ ಬರುತ್ತೇನೆ. ತೂಕ ಎರಡೂವರೆ ಕೆ.ಜಿ. ಮೇಲೆ ಸ್ವಲ್ಪ. ನನ್ನಂಥ ಸಣ್ಣ ಮೈಯವರಿಗೂ ಭುಜ ನೋಯುವುದಿಲ್ಲ. ಬ್ಯಾರೆಲ್ ಬಗ್ಗಿಸುವುದೂ ಹಗುರ, ಒಂದು ಸಂಜೆ ನೂರು ಗುಂಡು ಆರಾಮಾಗಿ ಹೊಡೆಯಬಹುದು. ಇದರ ದೊಡ್ಡಣ್ಣನ ಹಾಗಿರುವ ಡಯಾನಾ 35 ಇನ್ನೂ ಭಾರ. ಬವೇರಿಯಾದ ಮೆಲ್ರಿಷ್‌ಸ್ಟಾಟ್‌ನಲ್ಲಿ ಮಾಡುವ ವೈರೌಖ್ ಕಂಪನಿಯ HW35 ಅಂತೂ ಗಟ್ಟಿಮುಟ್ಟಾದ ಆಳು, ಅದರ ‘ರೆಕಾರ್ಡ್’ ಅನ್ನುವ ಹೆಸರಿನ ಟ್ರಿಗರ್ ಇದಕ್ಕಿಂತ ಒಂದು ಕೈ ಮೇಲು ಅಂತ ಒಪ್ಪುತ್ತೇನೆ. ಆದರೆ ನೂರನೇ ಗುಂಡಿನ ಹೊತ್ತಿಗೆ ನನ್ನ ಕೈಗೆ 27 ಬೇಕು ಅನ್ನಿಸುತ್ತದೆ.

ಸ್ಪ್ರಿಂಗ್ ಗನ್ನಿಗೆ ಒಂದು ವಿಚಿತ್ರ ಸ್ವಭಾವ. ಪಿಸ್ಟನ್ ಮುಂದೆ ಹಾರಿದಾಗ ಕೋವಿ ಮೊದಲು ಹಿಂದೆ ಬರುತ್ತದೆ, ಪಿಸ್ಟನ್ ಕೊನೆ ಮುಟ್ಟಿದಾಗ ಮುಂದೆ ಜಿಗಿಯುತ್ತದೆ. ಗುಂಡು ಇನ್ನೂ ಬ್ಯಾರೆಲ್ಲಿನ ಒಳಗೆ ಇರುವಾಗಲೇ ಈ ಕುಣಿತ ಶುರುವಾಗಿರುತ್ತದೆ. ಗಟ್ಟಿಯಾಗಿ ಹಿಡಿದರೆ ಪ್ರತಿ ಸಲ ಒಂದೊಂದು ಥರ ಕುಣಿಯುತ್ತದೆ, ಗುಂಡು ಎತ್ತಲೋ ಹೋಗುತ್ತದೆ. ಸಡಿಲ ಹಿಡಿಯಬೇಕು. ಎಡಗೈಯ ಅಂಗೈ ಮೇಲೆ ಸುಮ್ನೆ ಇಟ್ಟುಕೊಳ್ಳಬೇಕು, ಬೆರಳು ಬಿಗಿಯಬಾರದು. ಹಾಲು ತುಂಬಿದ ತಂಬಿಗೆ ಹಿಡಿದು ಹೊಸಿಲು ದಾಟುವ ಹಾಗೆ. ಟ್ರಿಗರ್ ಬಿಟ್ಟ ಮೇಲೂ ಒಂದು ಉಸಿರಿನಷ್ಟು ಹೊತ್ತು ಹಾಗೇ ಗುರಿ ನೋಡುತ್ತಿರಬೇಕು.

ಇದನ್ನು ಕಲಿತ ದಿನ ಮಾರಿಕಾಂಬಾ ಜಾತ್ರೆಯ ಆ ಐದು ಗುಂಡು ನೆನಪಾದವು. ಅಂಗಡಿಯವನು ಸೈಟು ಬಗ್ಗಿಸಿದ್ದನೋ ಇಲ್ಲವೋ, ನಾನಂತೂ ಬಿದ್ದುಹೋಗುತ್ತದೆ ಅಂತ ಹೆದರಿ ಎರಡೂ ಕೈಯಲ್ಲಿ ಕೋವಿಯನ್ನು ಅಪ್ಪಿ ಹಿಡಿದಿದ್ದೆ. ಬಲೂನು ಉಳಿದದ್ದರಲ್ಲಿ ಅವನದಷ್ಟೇ ತಪ್ಪಲ್ಲ.

ಹತ್ತು ಮೀಟರಿನ ಗುರಿ ಕಾಗದದಲ್ಲಿ ನಡುವಿನ ಕಪ್ಪು ವೃತ್ತ 30.5 ಮಿ.ಮೀ., ಅದರ ಮಧ್ಯದ ಹತ್ತರ ಚುಕ್ಕೆ ಬರೀ ಅರ್ಧ ಮಿ.ಮೀ. ಮೇಜಿಗೆ ಮೊಣಕೈ ಊರಿ ಹೊಡೆದರೆ ನನ್ನ ಐದು ಗುಂಡೂ ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗುತ್ತವೆ. ನಿಂತು ಹೊಡೆದರೆ ನಾಲ್ಕು ನೂರು ಅಂಕಕ್ಕೆ ಮುನ್ನೂರರ ಆಸುಪಾಸು. ಕ್ಲಬ್ಬಿನಲ್ಲಿ ಒಬ್ಬರ ಹತ್ತಿರ ಫೈನ್‌ವೆರ್ಕ್‌ಬೌ 300S ಇದೆ. ಅದೂ ಹಳೇ ಸ್ಪ್ರಿಂಗ್ ಗನ್ನೇ, ಆದರೆ ಹೊಡೆದಾಗ ಒಳಗಿನ ಯಂತ್ರ ಹಳಿಯ ಮೇಲೆ ಜಾರಿ ಆ ಕುಣಿತವನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ. ಪಂದ್ಯಕ್ಕೆ ಹೋಗುವವರು ಅದನ್ನೇ ಹುಡುಕಿ. 27 ಪಂದ್ಯದ ಕೋವಿ ಅಲ್ಲ.

ಕೊರತೆಗಳೂ ಇವೆ. ಸೇಫ್ಟಿ, ಅಂದರೆ ತಪ್ಪಿ ಟ್ರಿಗರ್ ಎಳೆಯದ ಹಾಗೆ ಹಿಡಿದಿಡುವ ತಡೆ, ಇಲ್ಲವೇ ಇಲ್ಲ. ಸ್ಪ್ರಿಂಗ್ ಎಳೆದ ಮೇಲೆ ಕೋವಿ ತಯಾರಾಗಿ ನಿಂತಿದೆ ಅಂತ ನೀವೇ ನೆನಪಿಟ್ಟುಕೊಳ್ಳಬೇಕು. ಮಕ್ಕಳಿರುವ ಮನೆಯಲ್ಲಿ ಬೀಗ ಹಾಕದೆ ಇಡಲೇಬಾರದು. ಬ್ಯಾರೆಲ್ ಬಗ್ಗಿಸಿದ ಮೇಲೆ ಅದನ್ನು ಕೈಯಲ್ಲಿ ಹಿಡಿದೇ ಗುಂಡು ಹಾಕಬೇಕು, ಆಗ ಬೆರಳು ಟ್ರಿಗರ್ ಹತ್ತಿರ ಸುಳಿಯಲೂ ಬಾರದು. ತಪ್ಪಿ ಟ್ರಿಗರ್ ಎಳೆದರೆ ಬ್ಯಾರೆಲ್ ಚಟ್ಟನೆ ಮೇಲೆ ಬಡಿಯುತ್ತದೆ, ಬೆರಳೂ ಹೋಗುತ್ತದೆ, ಬ್ಯಾರೆಲ್ಲೂ ಸೊಟ್ಟಗಾಗುತ್ತದೆ. ಗುಂಡಿಲ್ಲದೆ ಬರಿದೇ ಹೊಡೆಯುವುದೂ ಬೇಡ. ಗುಂಡಿದ್ದರೆ ಅದರ ಹಿಂದೆ ಒತ್ತಿದ ಗಾಳಿ ಪಿಸ್ಟನ್ನಿಗೆ ದಿಂಬಿನ ಹಾಗೆ ಆಗುತ್ತದೆ. ಇಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಹಿಂದಿನ ಸೈಟಿನಲ್ಲಿ ನಾಲ್ಕು ಬಗೆಯ ಕಚ್ಚು ಇರುವ ಒಂದು ತಗಡನ್ನು ತಿರುಗಿಸಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಬಹಳ ಒಳ್ಳೆಯ ಏರ್ಪಾಡು, ಆದರೆ ನನ್ನದರಲ್ಲಿ ಅದು ಸ್ವಲ್ಪ ಸಡಿಲವಾಗಿದೆ. ಗುಂಡು ಸೀಸದ್ದು. ಹೊಡೆದಾದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಆರೈಕೆ ಅಂದರೆ ಇಷ್ಟೇ. ಮೂರು-ನಾಲ್ಕು ತಿಂಗಳಿಗೊಮ್ಮೆ ಬ್ಯಾರೆಲ್ ಬಗ್ಗಿಸಿ, ಅದರ ಹಿಂದಿರುವ ಗಾಳಿಯ ತೂತಿಗೆ ಚರ್ಮಕ್ಕೆ ಹಾಕುವ ಎಣ್ಣೆ ಎರಡು-ಮೂರು ತೊಟ್ಟು ಬಿಡುತ್ತೇನೆ. ಬಾಯಿ ಮೇಲಾಗಿ ಗೋಡೆಗೆ ಒರಗಿಸಿ ಒಂದು ರಾತ್ರಿ ಬಿಟ್ಟರೆ ಎಣ್ಣೆ ಚರ್ಮಕ್ಕೆ ಇಳಿಯುತ್ತದೆ. ಚರ್ಮ ಉಬ್ಬಿ ಸಿಲಿಂಡರಿನ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ.

ಕೊಳವೆಯ ಮೇಲಿನ ಗುರುತಿನ ಬಗ್ಗೆ ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಬೇಟೆಯ ದೇವತೆ ಡಯಾನಾ ಏರ್‌ಗನ್ನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾಳೆ, ಬಿಲ್ಲನ್ನು ಕಾಲ ಬಳಿ ಬಿಸಾಕಿದ್ದಾಳೆ. ಮೇಯರ್ ಮತ್ತು ಗ್ರಾಮೆಲ್‌ಸ್ಪಾಖರ್ ಅನ್ನುವ ಇಬ್ಬರು 1890ರಲ್ಲಿ ಶುರು ಮಾಡಿದ ಕಂಪನಿ ಇದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರ್ಖಾನೆಯ ಯಂತ್ರಗಳೂ ಡಯಾನಾ ಅನ್ನುವ ಹೆಸರೂ ಬ್ರಿಟನ್ನಿನ ಪಾಲಾದವು. ಸ್ಕಾಟ್ಲೆಂಡಿನ ಮದರ್‌ವೆಲ್ ಊರಿನಲ್ಲಿ ಮಿಲ್‌ಬ್ರೋ ಕಂಪನಿ ಅದೇ ಹೆಸರಿನಲ್ಲಿ ಏರ್‌ಗನ್ ಮಾಡತೊಡಗಿತು. ರಾಸ್ಟಾಟಿನವರು 1950ರ ಹೊತ್ತಿಗೆ ಮತ್ತೆ ಕೆಲಸ ಶುರು ಮಾಡಿದರೂ ಬ್ರಿಟನ್ನಿನಲ್ಲಿ ತಮ್ಮದೇ ಹೆಸರು ಹಾಕುವ ಹಾಗಿರಲಿಲ್ಲ. ಅಲ್ಲಿ ‘ಒರಿಜಿನಲ್’ ಅಂತ ಹೆಸರಿಟ್ಟು ಮಾರಿದರು. ಹೆಸರು ವಾಪಸ್ ಸಿಕ್ಕಿದ್ದು 1980ರ ದಶಕದಲ್ಲಿ. ಹಾಗಾಗಿ ಬ್ರಿಟನ್ನಿನಲ್ಲಿರುವ ಕನ್ನಡದವರು ಹುಡುಕುವುದಾದರೆ ‘ಒರಿಜಿನಲ್ 27’ ಅಂತ ಹುಡುಕಿ, ಅದೂ ಇದೇ ಕೋವಿ. ಅಮೆರಿಕದಲ್ಲಿ ವಿಂಚೆಸ್ಟರ್ 427 ಅಂತಲೂ ಮಾರಿದ್ದರು.

ಊರಿನ ಗೆಳೆಯರು ಇಲ್ಲಿಂದ ಒಂದು ತಂದುಕೊಡು ಅಂತ ಕೇಳುತ್ತಾರೆ. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 20 ಜೂಲ್ ಮೀರಿದ, ಇಲ್ಲವೇ .177 ಇಂಚಿಗಿಂತ (ಅಂದರೆ 4.5 ಮಿ.ಮೀ.ಗಿಂತ) ದಪ್ಪ ಬಾಯಿಯ ಏರ್‌ಗನ್ನಿಗೆ ಲೈಸನ್ಸ್ ಬೇಕು. ಹೊರದೇಶದಿಂದ ಹೊತ್ತು ತರುವುದರಲ್ಲಿ ಬೇರೆ ತಾಪತ್ರಯಗಳಿವೆ, ನಾನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಮತ್ತೆ, ಹಕ್ಕಿ ಹೊಡೆಯಲು ಬೇಕು ಅನ್ನುವವರಿಗೆ ನನ್ನ ಹತ್ತಿರ ಉತ್ತರವೇ ಇಲ್ಲ. ಕಾಗದ ಇದೆ, ಡಬ್ಬಿ ಇದೆ, ಬಲೂನು ಇದೆ. ಅಷ್ಟು ಸಾಕು.

ಖರ್ಚು ಹೇಳಿಬಿಡುತ್ತೇನೆ. ಕೋವಿಗೆ 90 ಯೂರೋ, ಸ್ಪ್ರಿಂಗ್, ಚರ್ಮ, ಮಿಸ್ತ್ರಿಯ ಕೂಲಿ ಸೇರಿ ಇನ್ನೊಂದು 70. ಈ 160 ಯೂರೋಗೆ ನನಗೆ ಸಿಕ್ಕಿದ್ದಕ್ಕೆ ಐದಕ್ಕೆ ನಾಲ್ಕೂವರೆ ಅಂಕ. ಅರ್ಧ ಕಳೆದದ್ದು ಸೇಫ್ಟಿ ಇಲ್ಲದ್ದಕ್ಕೆ.

ಮಗಳಿಗೆ ಮೊನ್ನೆ ಹನ್ನೆರಡು ತುಂಬಿತು. ನಾವು ಒಪ್ಪಿ ಸಹಿ ಹಾಕಿದರೆ ಆ ವಯಸ್ಸಿನಿಂದ ಕ್ಲಬ್ಬಿನಲ್ಲಿ ದೊಡ್ಡವರ ಕಣ್ಣೆದುರು ಏರ್‌ಗನ್ ಹೊಡೆಯಬಹುದು. ಕಳೆದ ಗುರುವಾರ ಮೊದಲ ಸಲ ಬಂದಿದ್ದಳು. ಹಿಂದಿನ ತುದಿಯನ್ನು ತೊಡೆಗೆ ಒತ್ತಿಕೊಂಡು, ಹಲ್ಲು ಕಚ್ಚಿ, ಎರಡನೇ ಎಳೆತಕ್ಕೆ ಬ್ಯಾರೆಲ್ ಬಗ್ಗಿಸಿದಳು. ಅವಳ ಅಂಗೈ ಸರಿಯಾಗಿ ಆ ಬಿಳಿ ಜಾಗದ ಮೇಲೇ ಬಿದ್ದಿತ್ತು.